43ನೇ ಪಿಕ್‌ಗೆ ಹೋದ ಬ್ಯಾಕಪ್: 2017ರ ಗರೊಪ್ಪೊಲೊ ಟ್ರೇಡ್‌ನ ಲೆಕ್ಕಾಚಾರ

2017ರ ಅಕ್ಟೋಬರ್ 30, ಸೋಮವಾರ ರಾತ್ರಿ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ತನ್ನ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು) ಜಿಮ್ಮಿ ಗರೊಪ್ಪೊಲೊನನ್ನು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ಗೆ ಕೊಟ್ಟುಬಿಟ್ಟಿತು. ಬದಲಿಗೆ ಸಿಕ್ಕಿದ್ದು 2018ರ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರ ಆಯ್ಕೆಯಲ್ಲಿ, ಎರಡನೇ ಸುತ್ತಿನ ಒಂದು ಪಿಕ್ (ಆರಿಸುವ ಸರದಿ). ಅಷ್ಟೇ. ಮಾರನೇ ದಿನ ಸಂಜೆ 4ಕ್ಕೆ ಟ್ರೇಡ್‌ಗಳ (ತಂಡಗಳ ನಡುವಿನ ಕೊಡು-ಕೊಳ್ಳುವಿಕೆಯ) ಗಡುವು ಮುಗಿಯುತ್ತಿತ್ತು. ಆ ಹೊತ್ತಿಗೆ ಪೇಟ್ರಿಯಟ್ಸ್ 8 ಪಂದ್ಯಗಳಲ್ಲಿ 6 ಗೆದ್ದಿತ್ತು, ಫಾರ್ಟಿನೈನರ್ಸ್ ಎಂಟಕ್ಕೆ ಎಂಟೂ ಸೋತಿತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಾರಿದ್ದರಲ್ಲಿ ತಪ್ಪಿಲ್ಲ. ಆದರೆ ಮಾರೋಕೆ ಆರಿಸಿಕೊಂಡ ಸಮಯ ತಪ್ಪು, ಬಂದ ಪಿಕ್ ಬಳಸಿದ ರೀತಿ ಇನ್ನೂ ದೊಡ್ಡ ತಪ್ಪು. ಬೆಂಚಿನ ಆಟಗಾರನನ್ನು ಸೀಸನ್ ಮಧ್ಯೆ ಪಿಕ್‌ಗೆ ಮಾರುವುದು ಲಾಭವೋ ನಷ್ಟವೋ ಅಂತ ತೂಗಿ ನೋಡೋಕೆ ಇದಕ್ಕಿಂತ ಒಳ್ಳೆ ಪ್ರಕರಣ ನನಗೆ ಗೊತ್ತಿಲ್ಲ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಐಪಿಎಲ್‌ನಲ್ಲಿ ಹೊಸ ಆಟಗಾರರು ಹರಾಜಿಗೆ ಬರುತ್ತಾರೆ, ಯಾರು ಜಾಸ್ತಿ ದುಡ್ಡು ಕೂಗುತ್ತಾರೋ ಅವರಿಗೆ ಹೋಗುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಕಾಲೇಜಿನಿಂದ ಬರುವ ಹುಡುಗರನ್ನು 32 ತಂಡಗಳು ಸರದಿ ಪ್ರಕಾರ ಆರಿಸುತ್ತವೆ. ಒಟ್ಟು 7 ಸುತ್ತು. ಹಿಂದಿನ ಸೀಸನ್‌ನಲ್ಲಿ ಕೆಟ್ಟದಾಗಿ ಆಡಿದವರಿಗೆ ಪ್ರತಿ ಸುತ್ತಿನಲ್ಲೂ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯ ಸರದಿ. ಆ ಸರದಿಯೇ ಪಿಕ್. ಅದನ್ನು ಇನ್ನೊಂದು ತಂಡಕ್ಕೆ ಕೊಡಬಹುದು, ಇಸ್ಕೋಬಹುದು, ಮುಂದಿನ ವರ್ಷದ್ದನ್ನೂ ಈಗಲೇ ಬಿಟ್ಟುಕೊಡಬಹುದು. ಹಾಗಾಗಿ ಅಕ್ಟೋಬರ್‌ನಲ್ಲಿ ಪಿಕ್ ಇಸ್ಕೊಂಡವನಿಗೆ ಅದು ಎಷ್ಟನೇ ನಂಬರ್ ಅಂತ ಗೊತ್ತಿರುವುದಿಲ್ಲ, ಕೊಟ್ಟ ತಂಡ ಉಳಿದ ಸೀಸನ್ ಹೇಗೆ ಆಡುತ್ತದೆ ಅನ್ನುವುದರ ಮೇಲೆ ಅದು ತೀರ್ಮಾನವಾಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಗರೊಪ್ಪೊಲೊ ಕಥೆ. 2014ರ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನಲ್ಲಿ, 62ನೇ ಪಿಕ್‌ನಲ್ಲಿ ಪೇಟ್ರಿಯಟ್ಸ್ ಇವನನ್ನು ಆರಿಸಿತು. ಓದಿದ್ದು ಈಸ್ಟರ್ನ್ ಇಲಿನಾಯ್ ಎಂಬ ಸಣ್ಣ ಕಾಲೇಜಿನಲ್ಲಿ. ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಗೆ ಆಗ 36 ದಾಟಿತ್ತು. ಬ್ರೇಡಿ ಆಟ ನಿಲ್ಲಿಸಿದ ಮೇಲೆ ಯಾರು ಅನ್ನುವ ಪ್ರಶ್ನೆಗೆ ಕೋಚ್ ಬಿಲ್ ಬೆಲಿಚಿಕ್ ಕೊಟ್ಟ ಉತ್ತರ ಈ ಹುಡುಗ. ಎರಡು ವರ್ಷ ಬೆಂಚ್ ಕಾಯ್ದ. 2016ರಲ್ಲಿ ಚೆಂಡಿನ ಗಾಳಿ ಇಳಿಸಿದ ವಿವಾದದಲ್ಲಿ ಬ್ರೇಡಿ ಮೊದಲ 4 ಪಂದ್ಯ ಹೊರಗೆ ಕೂರಬೇಕಾಯಿತು. ಆಗ ಇವನಿಗೆ ಅವಕಾಶ ಬಂತು.

ಬೆಂಚಿನ ಆಟಗಾರನ ಬೆಲೆ ಏನು ಅಂತ ಕೇಳುವವರು ಆ 4 ಪಂದ್ಯಗಳನ್ನು ನೋಡಬೇಕು. ಮೊದಲನೆಯದರಲ್ಲಿ ಅರಿಜೋನ ಕಾರ್ಡಿನಲ್ಸ್ ವಿರುದ್ಧ ಅವರದ್ದೇ ಮೈದಾನದಲ್ಲಿ 23-21 ಗೆಲುವು. ಎರಡನೆಯದು ಮಯಾಮಿ ಡಾಲ್ಫಿನ್ಸ್ ವಿರುದ್ಧ. ಅರ್ಧ ಪಂದ್ಯ ಮುಗಿಯುವುದರೊಳಗೆ ಗರೊಪ್ಪೊಲೊ 3 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಎಸೆದಿದ್ದ. ಅಷ್ಟರಲ್ಲಿ ಕಿಕೊ ಅಲೊನ್ಸೊ ಬಂದು ಕೆಡವಿದ, ಬಲ ಭುಜ ನೆಲಕ್ಕೆ ಅಪ್ಪಳಿಸಿತು, ಅವನು ಹೊರಗೆ. ಒಳಗೆ ಬಂದವನು ಅದೇ ವರ್ಷ ಮೂರನೇ ಸುತ್ತಿನಲ್ಲಿ ಆರಿಸಿದ್ದ ಜಕೋಬಿ ಬ್ರಿಸೆಟ್. ಕೆಲವೇ ದಿನಗಳಲ್ಲಿ, ಗುರುವಾರ ರಾತ್ರಿ, ಹ್ಯೂಸ್ಟನ್ ಟೆಕ್ಸನ್ಸ್ ವಿರುದ್ಧ ಪಂದ್ಯ. ಬ್ರಿಸೆಟ್ ಬಿಟ್ಟರೆ ಆಡಬಲ್ಲ ಕ್ವಾರ್ಟರ್‌ಬ್ಯಾಕೇ ಇರಲಿಲ್ಲ. ಅವನಿಗೂ ಏನಾದರೂ ಆದರೆ ಅಂತ ಕ್ಯಾಚ್ ಹಿಡಿಯುವ ಜೂಲಿಯನ್ ಎಡಲ್‌ಮನ್‌ನನ್ನು ಸಿದ್ಧವಾಗಿ ಇಟ್ಟುಕೊಂಡಿದ್ದರು, ಅವನು ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಡಿದ್ದ ಅನ್ನುವ ಒಂದೇ ಕಾರಣಕ್ಕೆ. ಆ ಪಂದ್ಯ 27-0ಯಿಂದ ಗೆದ್ದರು. ಬ್ರಿಸೆಟ್ ಹೆಬ್ಬೆರಳಿಗೆ ಪೆಟ್ಟು ಬಿತ್ತು. ಮುಂದಿನದರಲ್ಲಿ ಬಫಲೊ ಬಿಲ್ಸ್ ಕೈಯಲ್ಲಿ 16-0ಯಿಂದ ಸೋತರು.

ನಾಲ್ಕರಲ್ಲಿ ಮೂರು ಗೆಲುವು, ಅದೂ ಬ್ರೇಡಿ ಇಲ್ಲದೆ. ಆ ವರ್ಷ ಅವರು 14-2ರಲ್ಲಿ, ಅಂದರೆ 14 ಗೆಲುವು 2 ಸೋಲಿನಲ್ಲಿ, ಮುಗಿಸಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು.

ಅಂದರೆ ಬೆಂಚಿನಲ್ಲಿ ಒಬ್ಬ ಸಾಲದು, ಇಬ್ಬರು ಬೇಕು ಅಂತ ಚೆನ್ನಾಗಿ ಗೊತ್ತಿದ್ದ ತಂಡ ಇದು. ಆದರೂ ಒಂದು ವರ್ಷದೊಳಗೆ ಇಬ್ಬರನ್ನೂ ಕಳೆದುಕೊಂಡಿತು. 2017ರ ಸೆಪ್ಟೆಂಬರ್ 2ಕ್ಕೆ ಬ್ರಿಸೆಟ್‌ನನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಕೊಟ್ಟು ರಿಸೀವರ್ (ಕ್ಯಾಚ್ ಹಿಡಿಯುವವನು) ಫಿಲಿಪ್ ಡಾರ್ಸೆಟ್‌ನನ್ನು ತೆಗೆದುಕೊಂಡಿತು. ಎಡಲ್‌ಮನ್ ಅಭ್ಯಾಸ ಪಂದ್ಯದಲ್ಲಿ ಮಂಡಿ ಮುರಿದುಕೊಂಡು ಆ ವರ್ಷಕ್ಕೆ ಹೊರಗಾಗಿದ್ದ, ಜಾಗ ತುಂಬಲೇಬೇಕಿತ್ತು, ಅದು ಅರ್ಥವಾಗುವ ವಿಷಯ. ಆದರೆ ಬ್ರಿಸೆಟ್ ಒಪ್ಪಂದಕ್ಕೆ ಇನ್ನೂ 3 ಸೀಸನ್ ಬಾಕಿ ಇತ್ತು, ಸಂಬಳವೂ ಕಡಿಮೆ. ಗರೊಪ್ಪೊಲೊ ಒಪ್ಪಂದ ಆ ಸೀಸನ್‌ಗೇ ಮುಗಿಯುತ್ತಿತ್ತು. ಅಗ್ಗದವನನ್ನು, ಬಹಳ ದಿನ ಇರುವವನನ್ನು ಕಳಿಸಿ, ಆ ಸೀಸನ್ ಮುಗಿದ ಮೇಲೆ ಕೈಬಿಟ್ಟು ಹೋಗುವವನನ್ನು ಇಟ್ಟುಕೊಂಡರು. ಗರೊಪ್ಪೊಲೊನನ್ನು ಹೇಗಾದರೂ ಉಳಿಸಿಕೊಳ್ಳುತ್ತೇವೆ ಅಂತ ನಿರ್ಧರಿಸಿದ್ದರೆ ಮಾತ್ರ ಇದಕ್ಕೆ ಅರ್ಥ ಇರುತ್ತದೆ. ಎಂಟು ವಾರಕ್ಕೆ ಅವನನ್ನೂ ಮಾರಿದರು.

ಯಾಕೆ ಮಾರಬೇಕಾಯಿತು? ದುಡ್ಡಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. 2018ಕ್ಕೆ ಅದು 177.2 ಮಿಲಿಯನ್ ಡಾಲರ್. ಒಪ್ಪಂದ ಮುಗಿದವನನ್ನು ಫ್ರಾಂಚೈಸ್ ಟ್ಯಾಗ್ ಹಾಕಿ ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಬಹುದು, ಆದರೆ ಕ್ವಾರ್ಟರ್‌ಬ್ಯಾಕ್‌ಗೆ ಆ ವರ್ಷ ಟ್ಯಾಗ್ ದರ 23 ಮಿಲಿಯನ್‌ಗೂ ಸ್ವಲ್ಪ ಮೇಲೆ. ಬ್ರೇಡಿದು 22 ಮಿಲಿಯನ್. ಇಬ್ಬರದೂ ಸೇರಿದರೆ ಮಿತಿಯ ಕಾಲು ಭಾಗ. ಮೈದಾನಕ್ಕೆ ಇಳಿಯುವವನು ಒಬ್ಬನೇ. 53 ಜನರ ತಂಡದಲ್ಲಿ ಒಂದು ಜಾಗಕ್ಕೆ ಕಾಲು ಪಾಲು ಸುರಿದರೆ ಉಳಿದ ಕಡೆ ಯಾರನ್ನು ನಿಲ್ಲಿಸುತ್ತೀರಿ?

ಟ್ಯಾಗ್ ಹಾಕದೆ ಸುಮ್ನೆ ಬಿಟ್ಟಿದ್ದರೆ? ಅವನು ಬೇರೆ ತಂಡಕ್ಕೆ ಸಹಿ ಹಾಕುತ್ತಿದ್ದ, ಲೀಗ್ ಪರಿಹಾರವಾಗಿ ಒಂದು ಪಿಕ್ ಕೊಡುತ್ತಿತ್ತು. ಆ ಪರಿಹಾರದ ಪಿಕ್ ಎಷ್ಟೇ ದೊಡ್ಡ ಆಟಗಾರನಿಗಾದರೂ ಮೂರನೇ ಸುತ್ತಿನ ಕೊನೆಗಿಂತ ಮೇಲೆ ಬರುವುದಿಲ್ಲ. ಬರುವುದೂ ಒಂದು ವರ್ಷ ತಡವಾಗಿ, 2019ರಲ್ಲಿ. ಅಷ್ಟರಲ್ಲಿ ಪೇಟ್ರಿಯಟ್ಸ್ ಹೊರಗಿನಿಂದ ಯಾರಾದರೂ ದೊಡ್ಡ ಆಟಗಾರನನ್ನು ಕೊಂಡರೆ ಅದೂ ರದ್ದಾಗಬಹುದು. ಇದರ ಪಕ್ಕದಲ್ಲಿ ಇಟ್ಟು ನೋಡಿದರೆ 2018ರ ಎರಡನೇ ಸುತ್ತಿನ ಪಿಕ್ ಖಂಡಿತ ಒಳ್ಳೆಯದೇ. ಅಕ್ಟೋಬರ್ 30ಕ್ಕೆ ಅವರ ಮುಂದೆ ಇದ್ದ ದಾರಿಗಳಷ್ಟನ್ನೇ ನೋಡಿ ಹೇಳಿ ಅಂದರೆ ನಾನೂ ಮಾರಿ ಅಂತಲೇ ಹೇಳುತ್ತೇನೆ.

ಟ್ಯಾಗ್ ಹಾಕಿ ಆಮೇಲೆ ಮಾರುವ ಮೂರನೇ ದಾರಿಯೂ ಇತ್ತು. ಇದೇ ತಂಡ, ಇದೇ ಕೋಚ್ ಅದನ್ನು ಮಾಡಿ ತೋರಿಸಿದ್ದರು. 2008ರಲ್ಲಿ ಮೊದಲ ಪಂದ್ಯದಲ್ಲೇ ಬ್ರೇಡಿ ಮಂಡಿ ಹೋಯಿತು. ಬೆಂಚಿನಿಂದ ಎದ್ದು ಬಂದ ಮ್ಯಾಟ್ ಕ್ಯಾಸೆಲ್ ಇದ್ದಾಗ ತಂಡ 11-5. ಸೀಸನ್ ಮುಗಿದ ಮೇಲೆ ಕ್ಯಾಸೆಲ್‌ಗೆ ಟ್ಯಾಗ್ ಹಾಕಿದರು, ಕೆಲವೇ ವಾರಗಳಲ್ಲಿ ಅವನನ್ನೂ ಹಿರಿಯ ಆಟಗಾರ ಮೈಕ್ ವ್ರೇಬಲ್‌ನನ್ನೂ ಸೇರಿಸಿ ಕ್ಯಾನ್ಸಸ್ ಸಿಟಿಗೆ ಕಳಿಸಿ 34ನೇ ಪಿಕ್ ತಂದರು. ಆ ಪಿಕ್‌ನಲ್ಲಿ ಬಂದವನು ಪ್ಯಾಟ್ರಿಕ್ ಚಂಗ್, ಪೇಟ್ರಿಯಟ್ಸ್ ಜೊತೆ 3 ಸೂಪರ್ ಬೌಲ್ ಗೆದ್ದ ಡಿಫೆನ್ಸ್ ಆಟಗಾರ. ಹಾಗಾದರೆ 2018ರಲ್ಲೂ ಹೀಗೇ ಮಾಡಬಹುದಿತ್ತಲ್ವಾ ಅಂತ ಬಹಳ ಜನ ಕೇಳುತ್ತಾರೆ. ಮಾಡಬಹುದಿತ್ತು, ಆದರೆ 2018ರ ಮಾರ್ಚ್ ಮಾರುವವರಿಗೆ ಅನುಕೂಲವಾಗಿರಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಕರ್ಕ್ ಕಸಿನ್ಸ್ ಒಪ್ಪಂದ ಮುಗಿಸಿ ಹೊರಗೆ ಬಂದಿದ್ದ, ಆ್ಯಲೆಕ್ಸ್ ಸ್ಮಿತ್ ಟ್ರೇಡ್ ಆದ. ಆ ವರ್ಷದ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ 5 ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಇಷ್ಟು ಜನ ಸಿಗುವಾಗ, 23 ಮಿಲಿಯನ್ ಹೊರೆ ಹೊತ್ತು ನಿಂತ ಪೇಟ್ರಿಯಟ್ಸ್‌ಗೆ ಯಾರೂ ಅವಸರ ಪಟ್ಟು ಮೊದಲ ಸುತ್ತಿನ ಪಿಕ್ ಕೊಡುತ್ತಿರಲಿಲ್ಲ ಅನ್ನಿಸುತ್ತದೆ.

ನಿಜವಾಗಿ ಮಾರಬೇಕಿದ್ದ ಸಮಯ 2017ರ ಮಾರ್ಚ್-ಏಪ್ರಿಲ್. ಡಾಲ್ಫಿನ್ಸ್ ಮೇಲಿನ ಆಟ ಎಲ್ಲರ ಕಣ್ಣಲ್ಲಿ ಹಸಿಯಾಗಿತ್ತು. ಕೊಳ್ಳುವವನಿಗೆ ಅಗ್ಗದ ಸಂಬಳದಲ್ಲಿ ಇಡೀ ಒಂದು ಸೀಸನ್ ನೋಡುವ ಅವಕಾಶ ಇತ್ತು. ಬ್ರಿಸೆಟ್ ಇನ್ನೂ ತಂಡದಲ್ಲೇ ಇದ್ದ. ಕ್ಲೀವ್‌ಲ್ಯಾಂಡ್ ಸೇರಿ ಕೆಲವು ತಂಡಗಳು ವಿಚಾರಿಸುತ್ತಿವೆ ಅಂತ ಆಗ ಸುದ್ದಿಗಳೂ ಇದ್ದವು. ಅಕ್ಟೋಬರ್ ಕೊನೆಗೆ ಕೊಂಡ ಫಾರ್ಟಿನೈನರ್ಸ್‌ಗೆ ಉಳಿದಿದ್ದು ಅರ್ಧ ಸೀಸನ್ ಮಾತ್ರ, ಆಮೇಲೆ ಅವನಿಗೆ ದೊಡ್ಡ ಸಂಬಳ ಕೊಡಲೇಬೇಕು. ಕೊಳ್ಳುವವನು ಈ ಎರಡನ್ನೂ ಬೆಲೆಯಿಂದ ಕಳೆಯುತ್ತಾನೆ. ಮಾರುವವನಿಗೆ ಬೇರೆ ದಾರಿ ಇಲ್ಲ ಅಂತ ಗೊತ್ತಾದ ಮೇಲೆ ಇನ್ನೂ ಕಳೆಯುತ್ತಾನೆ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಅಕ್ಟೋಬರ್ 30ಕ್ಕೆ ಆ ಪಿಕ್ ಎಷ್ಟನೇ ನಂಬರ್ ಆಗುವಂತೆ ಕಾಣುತ್ತಿತ್ತು? ಫಾರ್ಟಿನೈನರ್ಸ್ 0-8, ಅವರಷ್ಟೇ ಕೆಟ್ಟದಾಗಿದ್ದದ್ದು ಕ್ಲೀವ್‌ಲ್ಯಾಂಡ್ ಒಂದೇ. ಅಂದರೆ 33 ಅಥವಾ 34. ಮೊದಲ ಸುತ್ತಿಗೆ ಅಂಟಿಕೊಂಡೇ ಇರುವ ಪಿಕ್. ಆಮೇಲೆ ನಡೆದದ್ದು ಕೇಳಿ. ಫಾರ್ಟಿನೈನರ್ಸ್ ಅವನನ್ನು ತಕ್ಷಣ ಇಳಿಸಲಿಲ್ಲ. ನವೆಂಬರ್ 26ಕ್ಕೆ ಸಿಯಾಟಲ್ ವಿರುದ್ಧ ಸೋಲುತ್ತಿದ್ದ ಪಂದ್ಯದ ಕೊನೆಯಲ್ಲಿ ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಬೆಥರ್ಡ್‌ಗೆ ಪೆಟ್ಟಾಯಿತು. ಗರೊಪ್ಪೊಲೊ ಒಳಗೆ ಬಂದ, ಗಡಿಯಾರ ನಿಲ್ಲುವ ಹೊತ್ತಿಗೆ ಲೂಯಿಸ್ ಮರ್ಫಿಗೆ ಟಚ್‌ಡೌನ್ ಎಸೆದ. ಆಗ ತಂಡ 1-10. ಮುಂದಿನ ವಾರದಿಂದ ಅವನೇ ಮೊದಲಿನಿಂದ ಆಡಿದ. ಶಿಕಾಗೋದಲ್ಲಿ ಬೇರ್ಸ್ ವಿರುದ್ಧ 15-14, ಆ 15 ಅಂಕವೂ ರಾಬಿ ಗೌಲ್ಡ್ ಒದ್ದ 5 ಫೀಲ್ಡ್ ಗೋಲುಗಳಿಂದ ಬಂದದ್ದು. ಟೆಕ್ಸನ್ಸ್ ಮೇಲೆ ಗೆಲುವು. ಟೈಟನ್ಸ್ ಮೇಲೆ 25-23, ಅದೂ ಕೊನೆಗಳಿಗೆಯಲ್ಲಿ ಗೌಲ್ಡ್ ಒದ್ದ ಇನ್ನೊಂದು ಫೀಲ್ಡ್ ಗೋಲಿನಿಂದ. ಆ ವರ್ಷ ಲೀಗ್‌ನಲ್ಲೇ ಗಟ್ಟಿ ಡಿಫೆನ್ಸ್‌ಗಳಲ್ಲಿ ಒಂದಾಗಿದ್ದ ಜ್ಯಾಕ್ಸನ್‌ವಿಲ್ ಮೇಲೆ 44 ಅಂಕ. ಕೊನೆಗೆ ರ‍್ಯಾಮ್ಸ್ ಮೇಲೆ 34-13. ಐದಕ್ಕೆ ಐದು. ತಂಡ 6-10ರಲ್ಲಿ ಮುಗಿಸಿತು.

ಪಿಕ್ 43ಕ್ಕೆ ಜಾರಿತು.

ಮಾರಿದ ಆಟಗಾರನೇ ತನ್ನ ಬೆಲೆ ಇಳಿಸಿದ. ಇದನ್ನು ಅಂಕಿಯಲ್ಲೂ ನೋಡಬಹುದು. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಕಾಲದಲ್ಲಿ ಬಂದ ಒಂದು ಪಟ್ಟಿ ಇದೆ, ಪ್ರತಿ ಪಿಕ್‌ಗೂ ಇಷ್ಟು ಪಾಯಿಂಟ್ ಅಂತ. ಹಳೆಯದು, ಲೋಪಗಳಿವೆ, ಆದರೂ ತೂಗೋಕೆ ಸಾಕು. ಅದರಲ್ಲಿ 33ನೇ ಪಿಕ್‌ಗೆ 580, 43ಕ್ಕೆ 470. ವ್ಯತ್ಯಾಸ 110. ಅದೇ ಪಟ್ಟಿಯಲ್ಲಿ 100ನೇ ಪಿಕ್‌ಗೆ 100 ಪಾಯಿಂಟ್. ಅಂದರೆ ಆ 5 ಗೆಲುವುಗಳಲ್ಲಿ ಪೇಟ್ರಿಯಟ್ಸ್‌ಗೆ ಮೂರನೇ ಸುತ್ತಿನ ಕೊನೆಯ ಒಂದು ಪಿಕ್‌ನಷ್ಟು ನಷ್ಟ. ಗಮನಿಸಿ, ಸುಮ್ಮನೆ ಬಿಟ್ಟುಕೊಟ್ಟಿದ್ದರೆ ಲೀಗ್ ಪರಿಹಾರವಾಗಿ ಕೊಡುತ್ತಿದ್ದ ಪಿಕ್ ಕೂಡ ಹೆಚ್ಚುಕಮ್ಮಿ ಅಷ್ಟೇ ಬೆಲೆಯದು.

ಕ್ವಾರ್ಟರ್‌ಬ್ಯಾಕ್ ಬಿಟ್ಟು ಬೇರೆ ಜಾಗದ ಬೆಂಚಿನ ಆಟಗಾರನನ್ನು ಮಾರಿದರೆ ಈ ಸಮಸ್ಯೆ ಇಷ್ಟು ಬರುವುದಿಲ್ಲ. ಒಬ್ಬ ಹೆಚ್ಚುವರಿ ಲೈನ್‌ಬ್ಯಾಕರ್ ಹೋಗಿ 0-8 ತಂಡವನ್ನು ಎತ್ತಿ ನಿಲ್ಲಿಸಲಾರ. ಕ್ವಾರ್ಟರ್‌ಬ್ಯಾಕ್ ನಿಲ್ಲಿಸಬಲ್ಲ. ಹಾಗಾಗಿ ಕೆಟ್ಟ ತಂಡಕ್ಕೆ ಒಳ್ಳೆ ಕ್ವಾರ್ಟರ್‌ಬ್ಯಾಕ್ ಮಾರುವಾಗ ಷರತ್ತು ಹಾಕಬೇಕಿತ್ತು. ಅವನು ಅಲ್ಲೇ ಹೊಸ ಒಪ್ಪಂದಕ್ಕೆ ಸಹಿ ಹಾಕಿದರೆ ಇನ್ನೊಂದು ಪಿಕ್ ಸೇರಿಸಿ ಕೊಡಬೇಕು ಅನ್ನಬಹುದಿತ್ತು. ಎನ್‌ಎಫ್‌ಎಲ್‌ನಲ್ಲಿ ಇಂಥ ಷರತ್ತಿನ ಪಿಕ್‌ಗಳು ಮಾಮೂಲಿ. 2018ರ ಫೆಬ್ರವರಿಯಲ್ಲೇ ಫಾರ್ಟಿನೈನರ್ಸ್ ಅವನಿಗೆ 5 ವರ್ಷಕ್ಕೆ 137.5 ಮಿಲಿಯನ್ ಡಾಲರ್ ಒಪ್ಪಂದ ಕೊಟ್ಟಿತು. ಷರತ್ತು ಇದ್ದಿದ್ದರೆ ಅಲ್ಲೇ ಕೈಗೆ ಬರುತ್ತಿತ್ತು.

ಆ 43ನೇ ಪಿಕ್ ಏನಾಯಿತು ಅಂತ ಹಿಂಬಾಲಿಸಿ ಹೋದರೆ ತಲೆ ತಿರುಗುತ್ತದೆ, ಆದರೂ ಹೋಗಲೇಬೇಕು. ಪೇಟ್ರಿಯಟ್ಸ್ ಅದನ್ನು ಡೆಟ್ರಾಯಿಟ್‌ಗೆ ಕೊಟ್ಟು 51 ಮತ್ತು 117 ಇಸ್ಕೊಂಡಿತು. 51ನ್ನು ಶಿಕಾಗೋಗೆ ಕೊಟ್ಟು 105 ಮತ್ತು 2019ರ ಎರಡನೇ ಸುತ್ತಿನ ಪಿಕ್. 105ನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು 114 ಮತ್ತು 178. 114ನ್ನು ಮತ್ತೆ ಡೆಟ್ರಾಯಿಟ್‌ಗೇ ಕೊಟ್ಟು 2019ರ ಮೂರನೇ ಸುತ್ತಿನ ಪಿಕ್. ಕಾಗದದ ಮೇಲೆ ನೋಡಿದರೆ ಒಂದು ಪಿಕ್ ನಾಲ್ಕಾಯಿತು, ಭರ್ಜರಿ ವ್ಯಾಪಾರ. ಆಟಗಾರರ ಹೆಸರು ಬರೆದು ನೋಡಿ. 117ನ್ನು ತಮ್ಮ 63ರ ಜೊತೆ ಟ್ಯಾಂಪಾ ಬೇಗೆ ಕೊಟ್ಟು 56ಕ್ಕೆ ಏರಿ ಡಿಫೆನ್ಸ್‌ನ ಕಾರ್ನರ್‌ಬ್ಯಾಕ್ ಡ್ಯೂಕ್ ಡಾಸನ್‌ನನ್ನು ತಂದರು. ಅವನು ಪೇಟ್ರಿಯಟ್ಸ್‌ಗೆ ಸೀಸನ್‌ನ ಒಂದು ಪಂದ್ಯವನ್ನೂ ಆಡಲಿಲ್ಲ, ಮರುವರ್ಷ ಡೆನ್ವರ್‌ಗೆ ಹೋದ. ಶಿಕಾಗೋದಿಂದ ಬಂದ 2019ರ ಪಿಕ್ 56ನೆಯದಾಯಿತು. ಅದಕ್ಕೆ 101 ಸೇರಿಸಿ 45ಕ್ಕೆ ಏರಿ ಇನ್ನೊಬ್ಬ ಕಾರ್ನರ್‌ಬ್ಯಾಕ್ ಜೋಜುವಾನ್ ವಿಲಿಯಮ್ಸ್‌ನನ್ನು ಆರಿಸಿದರು, ಅವನೂ ನೆಲೆಯೂರಲಿಲ್ಲ. ಡೆಟ್ರಾಯಿಟ್‌ನ ಮೂರನೇ ಸುತ್ತಿನ ಪಿಕ್ 73. ಅದನ್ನು ಶಿಕಾಗೋ ಜೊತೆ ಬದಲಾಯಿಸಿ ಕೆಳಗಿಳಿದಾಗ ಬಂದ 87ರಲ್ಲಿ ಸಿಕ್ಕವನು ರನ್ನಿಂಗ್ ಬ್ಯಾಕ್ ಡೇಮಿಯನ್ ಹ್ಯಾರಿಸ್. 2021ರಲ್ಲಿ 929 ಯಾರ್ಡ್ ಓಡಿ 15 ಟಚ್‌ಡೌನ್ ಮಾಡಿದ. ಇಡೀ ಸರಪಳಿಯಲ್ಲಿ ಪೇಟ್ರಿಯಟ್ಸ್‌ಗೆ ಗಟ್ಟಿಯಾಗಿ ದಕ್ಕಿದ ಆಟಗಾರ ಅಂದರೆ ಇವನೇ.

ಟ್ಯಾಂಪಾಗೆ ಹೋದ ಆ ಎರಡು ಪಿಕ್‌ಗಳಲ್ಲಿ 63ರಲ್ಲಿ ಕಾರ್ಲ್‌ಟನ್ ಡೇವಿಸ್, 117ರಲ್ಲಿ ಜೋರ್ಡನ್ ವೈಟ್‌ಹೆಡ್ ಬಂದರು. 2020ರಲ್ಲಿ ಬ್ರೇಡಿ ಟ್ಯಾಂಪಾ ಸೇರಿ ಸೂಪರ್ ಬೌಲ್ ಗೆದ್ದಾಗ ಇವರಿಬ್ಬರೂ ಆ ಡಿಫೆನ್ಸ್‌ನ ಖಾಯಂ ಆಟಗಾರರು.

ಫಾರ್ಟಿನೈನರ್ಸ್ ಕಡೆಯಿಂದ ನೋಡಿದರೆ ಅವರಿಗೆ ಇದು ಲಾಭದ ವ್ಯವಹಾರ, ಗಾಯಗಳ ಹೊರತಾಗಿಯೂ. 2018ರ ಮೂರನೇ ಪಂದ್ಯದಲ್ಲೇ ಅವನ ಮಂಡಿ ಹೋಯಿತು, ತಂಡ 4-12ಕ್ಕೆ ಇಳಿಯಿತು. ಆ ಸೋಲುಗಳಿಂದ ಮುಂದಿನ ಡ್ರಾಫ್ಟ್‌ನ ಎರಡನೇ ಪಿಕ್ ಬಂದು ಡಿಫೆನ್ಸ್ ಆಟಗಾರ ನಿಕ್ ಬೋಸಾ ಸಿಕ್ಕ. 2019ರಲ್ಲಿ 13-3. ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿ ಮೇಲೆ 20-10ರ ಮುನ್ನಡೆ ಇಟ್ಟುಕೊಂಡು 31-20ಯಿಂದ ಸೋತರು. ಎರಡನೇ ಸುತ್ತಿನ ಒಂದು ಪಿಕ್ ಕೊಟ್ಟು ಅಲ್ಲಿಯವರೆಗೆ ಹೋಗುವ ತಂಡಗಳು ಎಷ್ಟಿವೆ?

ಪೇಟ್ರಿಯಟ್ಸ್‌ಗೆ ಆ ಸೀಸನ್‌ನಲ್ಲಿ ಗರೊಪ್ಪೊಲೊ ಇಲ್ಲದ್ದರಿಂದ ಏನು ಕಡಿಮೆಯಾಯಿತು? ಏನೂ ಇಲ್ಲ. ಫಾರ್ಟಿನೈನರ್ಸ್ ಬಿಟ್ಟುಬಿಟ್ಟ ಬ್ರಯನ್ ಹೋಯರ್‌ನನ್ನು ಕೂಡಲೇ ಕರೆಸಿಕೊಂಡರು. ಅವನು ಮೊದಲು ಇಲ್ಲೇ ಇದ್ದವನು, ಆಟದ ಪುಸ್ತಕ ಗೊತ್ತಿತ್ತು. 40 ದಾಟಿದ ಬ್ರೇಡಿ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ, ಆ ವರ್ಷದ ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ) ಆದ, ಸೂಪರ್ ಬೌಲ್‌ನಲ್ಲಿ 505 ಯಾರ್ಡ್ ಎಸೆದೂ ಈಗಲ್ಸ್ ಕೈಯಲ್ಲಿ 41-33ರಿಂದ ಸೋತ. ಮುಂದಿನ ವರ್ಷ ರ‍್ಯಾಮ್ಸ್ ಮೇಲೆ 13-3ರಿಂದ ಗೆದ್ದರು. ಆದರೆ ಬ್ರೇಡಿಗೆ ಪೆಟ್ಟಾಗಲಿಲ್ಲ ಅನ್ನುವುದನ್ನು ಇಟ್ಟುಕೊಂಡು ಬೆಂಚು ಖಾಲಿ ಮಾಡಿದ್ದು ಸರಿ ಅನ್ನಲಾಗದು. ಒಂದು ವರ್ಷ ಹಿಂದೆ ಎಡಲ್‌ಮನ್‌ನನ್ನು ಸಿದ್ಧವಾಗಿಟ್ಟುಕೊಂಡ ತಂಡ ಇದೇ.

ನನಗೆ ಬೇಸರ ಇರುವುದು 2018ರ ಡ್ರಾಫ್ಟ್ ಬಗ್ಗೆ. ಇಬ್ಬರು ಉತ್ತರಾಧಿಕಾರಿಗಳೂ ಹೋಗಿದ್ದರು, ಕೈಯಲ್ಲಿ 23, 31 ಮತ್ತು ಗರೊಪ್ಪೊಲೊ ಮಾರಿ ಬಂದ 43 ಇತ್ತು. 23ರಲ್ಲಿ ಲೈನ್‌ಮನ್ ಐಸಾಯ ವಿನ್, 31ರಲ್ಲಿ ರನ್ನಿಂಗ್ ಬ್ಯಾಕ್ ಸೋನಿ ಮಿಷೆಲ್. ಅದರ ಮುಂದಿನ ಪಿಕ್‌ನಲ್ಲೇ, 32ರಲ್ಲಿ, ಬಾಲ್ಟಿಮೋರ್ ಕ್ವಾರ್ಟರ್‌ಬ್ಯಾಕ್ ಲಮಾರ್ ಜ್ಯಾಕ್ಸನ್‌ನನ್ನು ಆರಿಸಿತು. ಮಿಷೆಲ್ ಕೆಟ್ಟ ಆಯ್ಕೆ ಅಂತ ನಾನು ಹೇಳುವುದಿಲ್ಲ, ರ‍್ಯಾಮ್ಸ್ ಮೇಲಿನ ಆ ಸೂಪರ್ ಬೌಲ್‌ನ ಏಕೈಕ ಟಚ್‌ಡೌನ್ ಅವನದೇ. ಆದರೆ ಪೇಟ್ರಿಯಟ್ಸ್ ಆ ವರ್ಷ ಕ್ವಾರ್ಟರ್‌ಬ್ಯಾಕ್ ಅಂತ ಆರಿಸಿದ್ದು ಏಳನೇ ಸುತ್ತಿನಲ್ಲಿ, 219ರಲ್ಲಿ, ಡ್ಯಾನಿ ಎಟ್ಲಿಂಗ್‌ನನ್ನು. ಮುಂದಿನ ವರ್ಷ ನಾಲ್ಕನೇ ಸುತ್ತಿನಲ್ಲಿ ಜ್ಯಾರೆಟ್ ಸ್ಟಿಡಮ್. ಕ್ವಾರ್ಟರ್‌ಬ್ಯಾಕ್ ಮಾರಿ ಬಂದದ್ದು ಕಾರ್ನರ್‌ಬ್ಯಾಕ್‌ಗಳಿಗೂ ಮುಂದಿನ ವರ್ಷದ ಪಿಕ್‌ಗಳಿಗೂ ಹರಿದು ಹೋಯಿತು, ಖಾಲಿಯಾದ ಜಾಗ ಮಾತ್ರ ಹಾಗೇ ಉಳಿಯಿತು. 2020ರ ಮಾರ್ಚ್‌ನಲ್ಲಿ ಬ್ರೇಡಿ ಹೋದಾಗ ಅವರ ಬಳಿ ಸಿದ್ಧವಾದ ಹೆಸರು ಇರಲಿಲ್ಲ. ಒಂದು ವರ್ಷಕ್ಕೆ ಕ್ಯಾಮ್ ನ್ಯೂಟನ್‌ನನ್ನು ತಂದರು, 7-9ರಲ್ಲಿ ಮುಗಿಸಿದರು. 2021ರಲ್ಲಿ 15ನೇ ಪಿಕ್ ಕೊಟ್ಟು ಮ್ಯಾಕ್ ಜೋನ್ಸ್‌ನನ್ನು ಆರಿಸಬೇಕಾಯಿತು. ಆ 15ನ್ನೂ ನಾನು ಗರೊಪ್ಪೊಲೊ ಟ್ರೇಡ್‌ನ ಖರ್ಚಿನ ಪಟ್ಟಿಗೇ ಸೇರಿಸುತ್ತೇನೆ.